ಅಜ್ಜನ ಒಂದಕ್ಕೆಯ ಲೆಕ್ಕ: ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯ ನಂತರ ಮೂತ್ರಕೋಶವನ್ನು ಯಾಕೆ, ಹೇಗೆ ಪರೀಕ್ಷಿಸಬೇಕು

ಕಳೆದ ಮಳೆಗಾಲದಲ್ಲಿ ಇಂಟರ್ನಲ್ಸ್ ಮುಗಿಸಿ ನಾವು ನಾಲ್ವರು ನಾವುಂದಕ್ಕೆ ಹೋಗಿದ್ದೆವು. ನಮ್ಮಲ್ಲೊಬ್ಬನ ಅಜ್ಜನ ಮನೆ ಅಲ್ಲಿದೆ. ಮರವಂತೆಯಲ್ಲಿ ಬಸ್ಸಿನ ಒಂದು ಕಿಟಕಿಯಲ್ಲಿ ಸಮುದ್ರ, ಇನ್ನೊಂದರಲ್ಲಿ ಸೌಪರ್ಣಿಕಾ ನೋಡಿದ ಖುಷಿ, ಅಜ್ಜಿ ಬಡಿಸಿದ ಕುಚ್ಚಲಕ್ಕಿ ಗಂಜಿ, ಮೀನು ಸಾರು, ಹಂಚಿನ ಮೇಲೆ ಮಳೆಯ ಸದ್ದು. ಇಷ್ಟೇ ಆಗಿದ್ದರೆ ಈ ಲೇಖನ ಪ್ರವಾಸ ಕಥನ ಆಗಿರ್ತಿತ್ತು.

ನಾವು ಚಾವಡಿಯಲ್ಲಿ ಚಾಪೆ ಹಾಕಿ ಮಲಗಿದ್ದೆವು. ರಾತ್ರಿ ಹನ್ನೊಂದಕ್ಕೆ ಹಿಂಬಾಗಿಲಿನ ಚಿಲಕದ ಸದ್ದು. ಹನ್ನೆರಡೂವರೆಗೆ ಮತ್ತೆ. ಎರಡು ಗಂಟೆಗೆ ಮತ್ತೆ. ಅಜ್ಜ ಎದ್ದು ಬಚ್ಚಲಿಗೆ ಹೋಗಿ ಬರ್ತಾ ಇದ್ದರು. ನಾಲ್ಕನೇ ಸಲ ಚಿಲಕದ ಜೊತೆ ದೊಪ್ಪೆಂದು ಬಿದ್ದ ಸದ್ದೂ ಕೇಳಿತು. ಒದ್ದೆಯಾದ ಮುರಕಲ್ಲಿನ ಮೆಟ್ಟಿಲಲ್ಲಿ ಕಾಲು ಜಾರಿತ್ತು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. "ಎಂತ ಆಯ್ಲಿಲ್ಲ ಮಗಾ, ಕಾಲ್ ಜಾರ್ತ್ ಅಷ್ಟೇ" ಅಂದರು. ಆದರೆ ಟಾರ್ಚ್ ಬೆಳಕಿನಲ್ಲಿ ಮೊಮ್ಮಗನಿಗೆ ಅಜ್ಜನ ಬಿಳಿ ಪಂಚೆಯ ಮೇಲೆ ಕೆಂಪು ಕಲೆ ಕಾಣಿಸಿತು. ಮೊಣಕೈಯ ರಕ್ತ ಅಲ್ಲಿಗೆ ಬರುವುದಕ್ಕೆ ಸಾಧ್ಯ ಇರಲಿಲ್ಲ. ಕೇಳಿದ್ದಕ್ಕೆ, ಅದು ಪುನರ್ಪುಳಿ ಶರಬತ್ತಿನ ಬಣ್ಣ ಎಂದರು.

ಬೆಳಿಗ್ಗೆ ಕೂರಿಸಿಕೊಂಡು ಕೇಳಿದಾಗ ವಿಷಯ ಒಂದೊಂದಾಗಿ ಹೊರಗೆ ಬಂತು. ಅಜ್ಜನಿಗೆ ಎರಡೂವರೆ ವರ್ಷದ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಗಿ, ನಾಲ್ಕು ವಾರಗಳಲ್ಲಿ 20 ಸಲ ರೇಡಿಯೇಷನ್ ಕೊಟ್ಟಿದ್ದರು. ನಮ್ಮ ಊರಿನ ಮಾತಲ್ಲಿ ಹೇಳುವುದಾದರೆ 'ಕರೆಂಟ್ ಕೊಡಿಸಿದ್ದರು'. ಆಮೇಲೆ ಆರು ತಿಂಗಳಿಗೊಮ್ಮೆ ಪಿಎಸ್‌ಎ ರಕ್ತಪರೀಕ್ಷೆ. ರಿಪೋರ್ಟ್ ಪ್ರತಿ ಸಲವೂ ಚೆನ್ನಾಗಿಯೇ ಇತ್ತು. ಹಾಗಾಗಿ ಮನೆಯವರಿಗೆಲ್ಲ ನೆಮ್ಮದಿ. ಆದರೆ ಒಂದು ವರ್ಷದಿಂದ ಅಜ್ಜ ಹಗಲಿಗೆ ಒಂಬತ್ತು ಹತ್ತು ಸಲ, ರಾತ್ರಿ ನಾಲ್ಕು ಸಲ ಒಂದಕ್ಕೆ ಹೋಗ್ತಾ ಇದ್ದರು. ಎರಡು ತಿಂಗಳಲ್ಲಿ ಮೂರು ಸಲ ಮೂತ್ರ ಕೆಂಪಗೆ ಹೋಗಿತ್ತು. ಸಂಜೆ ಐದರ ನಂತರ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬಯಲಾಟಕ್ಕೆ ಹೋಗದೆ ಎರಡು ಸೀಸನ್ ಆಗಿತ್ತು. ಕುಂದಾಪುರದ ಬಸ್ ಹತ್ತುವ ಮೊದಲು ಮೂರು ಸಲ ಬಚ್ಚಲಿಗೆ ಹೋಗಿ ಬರ್ತಿದ್ದರು. ಮಗಳ ಮನೆಯ ಗೃಹಪ್ರವೇಶಕ್ಕೂ ಕಾಲುನೋವು ಅಂತ ನೆಪ ಹೇಳಿ ಮನೆಯಲ್ಲೇ ಉಳಿದಿದ್ದರು.

ಯಾಕೆ ಹೇಳಲಿಲ್ಲ ಅಂದರೆ, "ಕ್ಯಾನ್ಸರೇ ಗುಣ ಆಯ್ತಂಬ್ರ್. ಇನ್ನ್ ಇದೊಂದ್ ಯಾರಿಗ್ ಹೇಳುದ್?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವು ಓದಿದ್ದು, ಆಸ್ಪತ್ರೆಯಲ್ಲಿ ನೋಡಿದ್ದು, ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದು ಇಲ್ಲಿದೆ. ಅಜ್ಜನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. "ಹೆಸರು ಮಾತ್ರ ಬೇಡ" ಅಂದಿದ್ದಾರೆ.

ಟ್ಯಾಂಕ್, ಪೈಪ್, ಎರಡು ವಾಲ್ವ್

ಮೂತ್ರಕೋಶ ಅಂದರೆ ಸ್ನಾಯುವಿನ ಚೀಲ. ದೊಡ್ಡವರಲ್ಲಿ ಸಾಮಾನ್ಯವಾಗಿ 400ರಿಂದ 500 ಮಿ.ಲೀ. ಹಿಡಿಯುತ್ತದೆ. ಅದರ ಬಾಯಿಯ ಕೆಳಗೇ ಪ್ರಾಸ್ಟೇಟ್ ಗ್ರಂಥಿ ಇದೆ. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ, ಗಾತ್ರ ಒಂದು ದೊಡ್ಡ ಅಡಿಕೆಯಷ್ಟು. ಮೂತ್ರ ಹೊರಗೆ ಹೋಗುವ ನಾಳ ಈ ಅಡಿಕೆಯ ಮಧ್ಯದಲ್ಲಿ ತೂತು ಕೊರೆದ ಹಾಗೆ ಹಾದು ಹೋಗುತ್ತದೆ.

ಈ ಪೈಪಿಗೆ ಎರಡು ವಾಲ್ವ್ ಇವೆ. ಒಂದು ಒಳಗಿನದು, ಮೂತ್ರಕೋಶದ ಕುತ್ತಿಗೆಯಲ್ಲಿ. ಇದು ನಮ್ಮ ಮಾತು ಕೇಳುವುದಿಲ್ಲ, ತಾನಾಗಿಯೇ ಮುಚ್ಚಿಕೊಂಡಿರುತ್ತದೆ. ಇನ್ನೊಂದು ಹೊರಗಿನದು, ಪ್ರಾಸ್ಟೇಟಿನ ಕೆಳಗೆ. ಕ್ಲಾಸಿನ ಮಧ್ಯೆ ಅರ್ಜೆಂಟಾದಾಗ ನಾವು ಬಿಗಿ ಹಿಡಿಯುವುದು ಇದನ್ನೇ. ಪ್ರಾಸ್ಟೇಟ್ ಇರುವ ಜಾಗವನ್ನು ನೋಡಿದರೇ ಅರ್ಥವಾಗುತ್ತದೆ: ಮೇಲೆ ಟ್ಯಾಂಕ್, ಒಳಗೆ ಪೈಪ್, ಅಕ್ಕಪಕ್ಕದಲ್ಲಿ ಎರಡು ವಾಲ್ವ್. ಇದನ್ನು ಕತ್ತರಿಸಿ ತೆಗೆದರೂ, ಇದಕ್ಕೆ ವಿಕಿರಣ ಹಾಯಿಸಿದರೂ ನೆರೆಮನೆಗೆ ಪೆಟ್ಟು ತಾಗದೆ ಇರುವುದು ಕಷ್ಟ.

ಆಪರೇಷನ್ ಆದವರಿಗೆ ಒಂದು ತೊಂದರೆ, ಕರೆಂಟ್ ಕೊಟ್ಟವರಿಗೆ ಇನ್ನೊಂದು

ಆಪರೇಷನ್ ಮಾಡಿದಾಗ ಪ್ರಾಸ್ಟೇಟನ್ನು ಪೂರ್ತಿ ತೆಗೆದು, ಮೂತ್ರಕೋಶದ ಬಾಯನ್ನು ಕೆಳಗಿನ ನಾಳಕ್ಕೆ ಹೊಲಿಯುತ್ತಾರೆ. ಹೊಲಿಗೆ ಮಾಗುವ ತನಕ, ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಕ್ಯಾತಿಟರ್ ಇರುತ್ತದೆ. ಒಳಗಿನ ವಾಲ್ವಿನ ಕೆಲಸ ಹೆಚ್ಚುಕಡಿಮೆ ಹೋದಂತೆಯೇ. ಇನ್ನು ಮೇಲೆ ಎಲ್ಲ ಭಾರ ಹೊರಗಿನ ವಾಲ್ವಿನ ಮೇಲೆ. ಹಾಗಾಗಿ ಕ್ಯಾತಿಟರ್ ತೆಗೆದ ಮೇಲೆ ಕೆಮ್ಮಿದರೆ, ಸೀನಿದರೆ, ಕೊಡಪಾನ ಎತ್ತಿದರೆ, ಕುರ್ಚಿಯಿಂದ ಎದ್ದರೆ ಮೂತ್ರ ಸೋರುತ್ತದೆ. ಹೆಚ್ಚಿನವರಲ್ಲಿ ಇದು 3ರಿಂದ 12 ತಿಂಗಳ ಒಳಗೆ ತುಂಬಾ ಕಡಿಮೆಯಾಗುತ್ತದೆ. ಕೆಲವರಲ್ಲಿ ಹೊಲಿದ ಜಾಗ ಗಾಯದ ಕಲೆಯಿಂದ ಬಿಗಿದು ಸಣ್ಣದಾಗುತ್ತದೆ. ಆಗ ಧಾರೆ ದಿನೇ ದಿನೇ ಸಣ್ಣಗಾಗುತ್ತಾ ಬರುತ್ತದೆ.

ವಿಕಿರಣದ ಪರಿಣಾಮ ಎರಡು ಕಂತಿನಲ್ಲಿ ಬರುತ್ತದೆ. ಮೊದಲನೆಯದು ಚಿಕಿತ್ಸೆ ನಡೆಯುವಾಗ ಮತ್ತು ಅದಾದ ಕೆಲವು ವಾರ: ಉರಿ, ಪದೇ ಪದೇ ಹೋಗಬೇಕೆನಿಸುವುದು, ತಡೆಯಲಾಗದ ಅವಸರ. ಇದು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಎರಡನೆಯ ಕಂತು ತಿಂಗಳುಗಳ ನಂತರ, ಕೆಲವೊಮ್ಮೆ ಹಲವು ವರ್ಷಗಳ ನಂತರ ಬರಬಹುದು. ವಿಕಿರಣ ತಾಗಿದ ಜಾಗದ ಸಣ್ಣ ರಕ್ತನಾಳಗಳು ನಿಧಾನವಾಗಿ ಕೆಡುತ್ತವೆ, ಮೂತ್ರಕೋಶದ ಗೋಡೆ ಗಡುಸಾಗಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ, ಒಳಗಿನ ಪದರದಲ್ಲಿ ಹುಟ್ಟಿದ ನಾಜೂಕಾದ ಹೊಸ ರಕ್ತನಾಳಗಳು ಒಡೆದು ರಕ್ತ ಬರುತ್ತದೆ. ಇದಕ್ಕೆ ವಿಕಿರಣದ ಮೂತ್ರಕೋಶದ ಉರಿಯೂತ ಎನ್ನುತ್ತಾರೆ.

ಈ ತಡವಾಗಿ ಬರುವ ಕಂತೇ ಜನರನ್ನು ಮೋಸ ಮಾಡುವುದು. ಕರೆಂಟ್ ಕೊಡಿಸಿ ಎರಡು ವರ್ಷ ಆಗಿರುತ್ತದೆ, ಪಿಎಸ್‌ಎ ಚೆನ್ನಾಗಿರುತ್ತದೆ, ಹಾಗಾಗಿ ಈಗಿನ ತೊಂದರೆಗೂ ಆಗಿನ ಚಿಕಿತ್ಸೆಗೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. "ಪ್ರಾಯ ಆಯ್ತಲ್ದಾ" ಅಂತ ಸುಮ್ಮನಾಗುತ್ತಾರೆ. ಪಿಎಸ್‌ಎ ಉತ್ತರಿಸುವುದು ಒಂದೇ ಪ್ರಶ್ನೆಗೆ: ಪ್ರಾಸ್ಟೇಟ್ ಕ್ಯಾನ್ಸರ್ ಮರಳಿದೆಯೇ? ಮೂತ್ರಕೋಶ ಹೇಗಿದೆ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ. ಅದಕ್ಕೆ ಬೇರೆ ಪರೀಕ್ಷೆಗಳು ಬೇಕು.

ಲಕ್ಷಣ ಒಂದೇ, ಕಾರಣ ಎರಡು

ನಮ್ಮ ಹಾಸ್ಟೆಲಿನ ಮೇಲಿನ ಟ್ಯಾಂಕನ್ನೇ ತಗೊಳ್ಳಿ. ಪಂಪ್ ಆಪರೇಟರ್ ದಿನಕ್ಕೆ ಹತ್ತು ಸಲ ಮೋಟಾರ್ ಆನ್-ಆಫ್ ಮಾಡಬೇಕಾಗಿ ಬಂದಿದೆ ಅಂದುಕೊಳ್ಳಿ. ಕಾರಣ ಎರಡಿರಬಹುದು. ಒಂದು, ಟ್ಯಾಂಕೇ ಸಣ್ಣದು, ಬೇಗ ತುಂಬುತ್ತದೆ. ಎರಡು, ಟ್ಯಾಂಕ್ ದೊಡ್ಡದೇ, ಆದರೆ ಕೆಳಗಿನ ಪೈಪ್ ಕಟ್ಟಿಕೊಂಡು ಮುಕ್ಕಾಲು ಟ್ಯಾಂಕ್ ಯಾವಾಗಲೂ ತುಂಬಿಯೇ ಇದೆ, ಉಳಿದ ಕಾಲುಭಾಗ ಮಾತ್ರ ಖಾಲಿಯಾಗಿ ತುಂಬುತ್ತಿದೆ. ಮೋಟಾರ್ ಪಕ್ಕ ನಿಂತವನಿಗೆ ಎರಡೂ ಒಂದೇ ಥರ ಕಾಣುತ್ತದೆ.

ಮೂತ್ರಕೋಶದಲ್ಲೂ ಹೀಗೇ. ವಿಕಿರಣದಿಂದ ಗಡುಸಾದ ಸಣ್ಣ ಚೀಲ ಇರುವವನೂ ಗಂಟೆಗೊಮ್ಮೆ ಹೋಗುತ್ತಾನೆ. ನಾಳ ಬಿಗಿದು ಪೂರ್ತಿ ಖಾಲಿಯಾಗದೆ ಉಳಿಯುವವನೂ ಗಂಟೆಗೊಮ್ಮೆ ಹೋಗುತ್ತಾನೆ. ಆದರೆ ಮದ್ದು ಮಾತ್ರ ತದ್ವಿರುದ್ಧ. ಮೊದಲನೆಯವನಿಗೆ ಮೂತ್ರಕೋಶದ ಸ್ನಾಯುವನ್ನು ಸಡಿಲಗೊಳಿಸುವ ಸೋಲಿಫೆನಾಸಿನ್‌ನಂಥ ಮಾತ್ರೆ ಸಹಾಯ ಮಾಡಬಹುದು. ಅದೇ ಮಾತ್ರೆಯನ್ನು ಎರಡನೆಯವನಿಗೆ ಕೊಟ್ಟರೆ, ಮೊದಲೇ ಒದ್ದಾಡುತ್ತಿದ್ದ ಸ್ನಾಯು ಇನ್ನೂ ಸೋತು, ಮೂತ್ರ ಪೂರ್ತಿ ಕಟ್ಟಿ ಹೋಗುವ ಅಪಾಯ ಇದೆ. ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆಯ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಬಾರದು ಅನ್ನುವುದು ಇದಕ್ಕೇ. ಅಳತೆ ಮಾಡದೆ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ.

ಮನೆಯಲ್ಲೇ ಮಾಡುವ ಅಳತೆ

ಡಾಕ್ಟರು ಅಜ್ಜನಿಗೆ ಮೊದಲು ಕೊಟ್ಟ ಕೆಲಸಕ್ಕೆ ಖರ್ಚು ಇಲ್ಲವೇ ಇಲ್ಲ ಅನ್ನಬಹುದು: ಮೂರು ದಿನದ ಮೂತ್ರ ಡೈರಿ. ಬೇಕಾದ್ದು ಗೆರೆ ಇರುವ ಒಂದು ಪ್ಲಾಸ್ಟಿಕ್ ಜಗ್, ಒಂದು ನೋಟ್‌ಬುಕ್, ಒಂದು ಗಡಿಯಾರ. ಪ್ರತಿ ಸಲ ಹೋದಾಗ ಹೊತ್ತು ಮತ್ತು ಪ್ರಮಾಣ ಬರೆಯಬೇಕು. ಏನು ಎಷ್ಟು ಕುಡಿದದ್ದು, ಸೋರಿತಾ, ಅವಸರ ಇತ್ತಾ ಅಂತಲೂ ಬರೆಯಬೇಕು.

ಅಜ್ಜನ ಒಂದು ದಿನದ ಲೆಕ್ಕ ನೋಡಿ. 24 ಗಂಟೆಯಲ್ಲಿ 14 ಸಲ. ಒಟ್ಟು 1,330 ಮಿ.ಲೀ. ಭಾಗಿಸಿದರೆ ಸಲಕ್ಕೆ 95 ಮಿ.ಲೀ. ಅತಿ ಹೆಚ್ಚು ಹೋದದ್ದು 150. ರಾತ್ರಿಯ ಪಾಲು 380 ಮಿ.ಲೀ., ಅಂದರೆ ಒಟ್ಟಿನ ಶೇ. 29ರಷ್ಟು.

ಈ ನಾಲ್ಕು ಅಂಕಿಗಳು ತುಂಬಾ ಹೇಳುತ್ತವೆ. ಒಟ್ಟು ಪ್ರಮಾಣ ಮೂರು ಲೀಟರ್ ದಾಟಿದ್ದರೆ ಮೂತ್ರಕೋಶವನ್ನು ಬಿಟ್ಟು ಸಕ್ಕರೆ ಕಾಯಿಲೆಯನ್ನೋ, ಅತಿಯಾಗಿ ಕುಡಿಯುವುದನ್ನೋ ಹುಡುಕಬೇಕಿತ್ತು. ರಾತ್ರಿಯ ಪಾಲು ಮೂರನೇ ಒಂದಕ್ಕಿಂತ ಹೆಚ್ಚಿದ್ದರೆ, ವಯಸ್ಸಾದವರಲ್ಲಿ ಅದರ ಅರ್ಥ ರಾತ್ರಿ ಮೂತ್ರದ ಉತ್ಪಾದನೆಯೇ ಜಾಸ್ತಿ ಎಂದು. ಹಗಲು ಕಾಲಿನಲ್ಲಿ ಇಳಿದ ನೀರು ಮಲಗಿದಾಗ ವಾಪಸ್ ಬರುವುದು, ಹೃದಯದ ತೊಂದರೆ, ಸಂಜೆಯ ಹೊತ್ತು ತೆಗೆದುಕೊಳ್ಳುವ ಮಾತ್ರೆ, ಹೀಗೆ ಕಾರಣ ಬೇರೆ ಇರುತ್ತಿತ್ತು. ಅಜ್ಜನಲ್ಲಿ ಒಟ್ಟು ಪ್ರಮಾಣ ಜಾಸ್ತಿ ಇಲ್ಲ, ರಾತ್ರಿಯ ಪಾಲೂ ಜಾಸ್ತಿ ಇಲ್ಲ. ಒಂದು ಸಲಕ್ಕೆ ಹೋಗುವ ಪ್ರಮಾಣ ಮಾತ್ರ ಕಡಿಮೆ. ಅಂದರೆ ಒಂದೋ ಟ್ಯಾಂಕ್ ಸಣ್ಣದಾಗಿದೆ, ಇಲ್ಲವೇ ಖಾಲಿಯಾಗುತ್ತಿಲ್ಲ.

ಸೋರುವವರಿಗೆ ಇನ್ನೊಂದು ಸುಲಭ ಅಳತೆ ಇದೆ. ಒಣ ಪ್ಯಾಡಿನ ತೂಕ ನೋಡಿ, 24 ಗಂಟೆಯಲ್ಲಿ ಬಳಸಿದ ಒದ್ದೆ ಪ್ಯಾಡುಗಳ ತೂಕದಿಂದ ಕಳೆಯುವುದು. ಒಂದು ಗ್ರಾಂ ಅಂದರೆ ಸುಮಾರು ಒಂದು ಮಿ.ಲೀ. ಒಣಗಿದ್ದಾಗ 40 ಗ್ರಾಂ ಇದ್ದದ್ದು ಒದ್ದೆಯಾಗಿ 190 ಆದರೆ 150 ಮಿ.ಲೀ. ಸೋರಿದೆ. "ಸ್ವಲ್ಪ ಸೋರ್ತದೆ" ಎಂಬ ಮಾತಿಗಿಂತ ಈ ಅಂಕಿ ಡಾಕ್ಟರಿಗೆ ಉಪಯೋಗ. ತಿಂಗಳ ನಂತರ ಇದೇ ಅಂಕಿ 60 ಆದರೆ ಸುಧಾರಣೆ ಕಣ್ಣಿಗೆ ಕಾಣುತ್ತದೆ.

ಮೂರನೆಯದು ಪ್ರಶ್ನಾವಳಿ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 1992ರಲ್ಲಿ ರೂಪಿಸಿದ ಏಳು ಪ್ರಶ್ನೆಗಳೇ ಇವತ್ತು ಐಪಿಎಸ್‌ಎಸ್ ಎಂಬ ಹೆಸರಿನಲ್ಲಿ ಎಲ್ಲ ಕಡೆ ಬಳಕೆಯಲ್ಲಿವೆ. ಕಳೆದ ಒಂದು ತಿಂಗಳಲ್ಲಿ ಪೂರ್ತಿ ಖಾಲಿಯಾಗಿಲ್ಲ ಅನಿಸಿತಾ, ಎರಡು ಗಂಟೆಯ ಒಳಗೆ ಮತ್ತೆ ಹೋಗಬೇಕಾಯ್ತಾ, ಧಾರೆ ನಿಂತು ನಿಂತು ಬಂತಾ, ತಡೆಯಲು ಕಷ್ಟವಾಯ್ತಾ, ಧಾರೆ ಸಣ್ಣ ಇತ್ತಾ, ಮುಕ್ಕಬೇಕಾಯ್ತಾ, ರಾತ್ರಿ ಎಷ್ಟು ಸಲ ಎದ್ದಿರಿ. ಪ್ರತಿಯೊಂದಕ್ಕೂ 0ಯಿಂದ 5 ಅಂಕ, ಒಟ್ಟು 35. 7ರ ತನಕ ಸೌಮ್ಯ, 8ರಿಂದ 19 ಮಧ್ಯಮ, 20ರ ಮೇಲೆ ತೀವ್ರ. ಅಜ್ಜನ ಅಂಕ 21. ಇದರಲ್ಲಿ ಒಂದು ಕೊರತೆ ಇದೆ: ಸೋರುವಿಕೆಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಹಾಗಾಗಿ ಆಪರೇಷನ್ ಆಗಿ ಸೋರುವವರು ಅದನ್ನು ಬೇರೆಯಾಗಿ ಬಾಯಿಬಿಟ್ಟು ಹೇಳಲೇಬೇಕು.

ಆಸ್ಪತ್ರೆಯ ಅಳತೆ

ಆಸ್ಪತ್ರೆಯಲ್ಲಿ ಮೊದಲು ಮೂತ್ರದ ಸಾದಾ ಪರೀಕ್ಷೆ ಮತ್ತು ಕಲ್ಚರ್. ಸೋಂಕು ಇದ್ದರೂ ಉರಿ, ಅವಸರ, ರಕ್ತ ಎಲ್ಲವೂ ಬರುತ್ತದೆ. ಅದಿದ್ದರೆ ಮೊದಲು ಅದಕ್ಕೆ ಮದ್ದು. ಅಜ್ಜನಿಗೆ ಸೋಂಕು ಇರಲಿಲ್ಲ.

ಆಮೇಲೆ ಯುರೋಫ್ಲೋಮೆಟ್ರಿ. ಹೆಸರು ದೊಡ್ಡದು, ಕೆಲಸ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಿನದ್ದೇ. ಒಂದು ಆಲಿಕೆ, ಕೆಳಗೆ ಪಾತ್ರೆ, ಅದರ ಕೆಳಗೆ ತೂಕ ಅಳೆಯುವ ಸೆನ್ಸರ್. ತೂಕ ಹೊತ್ತಿನೊಂದಿಗೆ ಹೇಗೆ ಏರುತ್ತದೆ ಎಂಬುದರಿಂದ ಹರಿವಿನ ಗ್ರಾಫ್ ಸಿಗುತ್ತದೆ. ಸೂಜಿ ಇಲ್ಲ, ನೋವು ಇಲ್ಲ, ಪರದೆಯ ಹಿಂದೆ ಒಬ್ಬರೇ ಹೋಗಿ ಬರುವುದು. ಗರಿಷ್ಠ ಹರಿವು ಸೆಕೆಂಡಿಗೆ 15 ಮಿ.ಲೀ.ಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. 10ಕ್ಕಿಂತ ಕಡಿಮೆ ಇದ್ದರೆ ಎಲ್ಲೋ ಅಡ್ಡಿ ಇದೆ, ಇಲ್ಲವೇ ಸ್ನಾಯು ಸೋತಿದೆ. ಗ್ರಾಫ್ ಗಂಟೆಯ ಆಕಾರದಲ್ಲಿ ಏರಿ ಇಳಿದರೆ ಒಳ್ಳೆಯದು. ಮೇಜಿನ ಹಾಗೆ ಚಪ್ಪಟೆಯಾಗಿ ಉದ್ದಕ್ಕೆ ಹೋದರೆ ನಾಳ ಬಿಗಿದಿರಬಹುದೆಂಬ ಸಂಶಯ. ನಾಳದ ವ್ಯಾಸ ಸ್ವಲ್ಪ ಕಡಿಮೆಯಾದರೂ ಹರಿವು ಎಷ್ಟು ಬೀಳುತ್ತದೆ ಎಂಬುದು ಪೈಪಿನ ಪಾಠ ಓದಿದ ನಮಗೆ ಗೊತ್ತೇ ಇದೆ.

ಇಲ್ಲೊಂದು ಷರತ್ತು ಉಂಟು. ಕನಿಷ್ಠ 150 ಮಿ.ಲೀ. ಹೋಗದಿದ್ದರೆ ಈ ಗ್ರಾಫನ್ನು ನಂಬುವಂತಿಲ್ಲ. ಅಜ್ಜನ ಮೊದಲ ಪ್ರಯತ್ನದಲ್ಲಿ ಹೋದದ್ದು 110. ನರ್ಸ್ ಸಿಸ್ಟರ್ ನೀರು ಕುಡಿಸಿ, "ಅಜ್ಜ, ಗಡಿಬಿಡಿ ಬೇಡ, ಜೋರು ಬಂದ ಮೇಲೆಯೇ ಹೋಗಿ" ಅಂದರು. ಎರಡನೇ ಸಲ 155 ಹೋಯಿತು, ಗರಿಷ್ಠ ಹರಿವು 16. ಪೈಪ್ ಬ್ಲಾಕ್ ಇಲ್ಲ ಎಂಬ ಸೂಚನೆ.

ಕೂಡಲೇ ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಸ್ಕ್ಯಾನಿಂಗ್. ಹೋಗಿ ಬಂದ ಮೇಲೂ ಒಳಗೆ ಎಷ್ಟು ಉಳಿದಿದೆ ಅಂತ ನೋಡುವುದು. ಮೂತ್ರಕೋಶವನ್ನು ದೀರ್ಘವೃತ್ತದ ಉಂಡೆ ಎಂದುಕೊಂಡು ಉದ್ದ, ಅಗಲ, ಎತ್ತರ ಗುಣಿಸಿ 0.52ರಿಂದ ಗುಣಿಸುತ್ತಾರೆ. ಈ 0.52 ಎಲ್ಲಿಂದ ಬಂತು? ಪೈಯನ್ನು 6ರಿಂದ ಭಾಗಿಸಿ ನೋಡಿ. 7, 6, 5 ಸೆಂ.ಮೀ. ಇದ್ದರೆ 7 × 6 × 5 × 0.52 = ಸುಮಾರು 109 ಮಿ.ಲೀ. ಅಷ್ಟು ಉಳಿದಿದ್ದರೆ ಡಾಕ್ಟರು ಗಮನ ಕೊಡುತ್ತಾರೆ, 200 ದಾಟಿದರೆ ಖಂಡಿತ ಕಾರಣ ಹುಡುಕುತ್ತಾರೆ. ಅಜ್ಜನಲ್ಲಿ ಉಳಿದದ್ದು ಸುಮಾರು 20. ಟ್ಯಾಂಕ್ ಖಾಲಿಯಾಗುತ್ತಿದೆ. ಹಾಗಾದರೆ ಟ್ಯಾಂಕೇ ಸಣ್ಣದಾಗಿದೆ.

ರಕ್ತ ಬಂದ ಕಾರಣಕ್ಕೆ ಸಿಸ್ಟೋಸ್ಕೋಪಿಯೂ ಆಯಿತು. ತುದಿಯಲ್ಲಿ ಕ್ಯಾಮೆರಾ ಇರುವ ತೆಳು ನಳಿಕೆಯನ್ನು, ಮರಗಟ್ಟಿಸುವ ಜೆಲ್ ಹಾಕಿ, ಮೂತ್ರನಾಳದ ಮೂಲಕ ಒಳಗೆ ಕಳಿಸಿ ಗೋಡೆಯನ್ನು ಕಣ್ಣಾರೆ ನೋಡುವುದು. ಇದು ಯಾಕೆ ಬೇಕು? ವಿಕಿರಣ ಪಡೆದವರಲ್ಲಿ ವರ್ಷಗಳ ನಂತರ ಮೂತ್ರಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು. ಬೀಡಿ ಸಿಗರೇಟು ಸೇದಿದವರಲ್ಲಿ ಇನ್ನೂ ಹೆಚ್ಚು. ರಕ್ತ ವಿಕಿರಣದ ಗಾಯದಿಂದ ಬಂದದ್ದೋ, ಗಡ್ಡೆಯಿಂದ ಬಂದದ್ದೋ ಬಣ್ಣ ನೋಡಿ ಹೇಳಲಾಗದು. ಅಜ್ಜನಲ್ಲಿ ಕಂಡದ್ದು ವಿಕಿರಣದ ಗುರುತುಗಳು: ಪೇಲವ ಗೋಡೆ, ಅದರ ಮೇಲೆ ಜೇಡರ ಬಲೆಯಂಥ ಕೆಂಪು ನಾಳಗಳು. ಗಡ್ಡೆ ಇರಲಿಲ್ಲ. ಆ ಮಾತು ಕೇಳಿ ಹೊರಗೆ ಕೂತಿದ್ದ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಇನ್ನೂ ಒಂದು ಪರೀಕ್ಷೆ ಇದೆ, ಎಲ್ಲರಿಗೂ ಬೇಕಾಗುವುದಿಲ್ಲ: ಯುರೋಡೈನಾಮಿಕ್ಸ್. ಮೂತ್ರಕೋಶದಲ್ಲೊಂದು, ಗುದದ್ವಾರದಲ್ಲೊಂದು ತೆಳು ನಳಿಕೆ ಇಟ್ಟು, ನಿಧಾನವಾಗಿ ನೀರು ತುಂಬುತ್ತಾ ಒತ್ತಡ ಅಳೆಯುತ್ತಾರೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಸ್ನಾಯುವಿನ ಸ್ವಂತ ಒತ್ತಡ ಸಿಗುತ್ತದೆ, ಯಾಕೆಂದರೆ ಕೆಮ್ಮಿದಾಗ ಹೊಟ್ಟೆಯ ಒತ್ತಡ ಎರಡು ಕಡೆಯೂ ಏರುತ್ತದೆ. ನಮ್ಮ ಡಿಫರೆನ್ಷಿಯಲ್ ಮೆಷರ್‌ಮೆಂಟ್ ಇಲ್ಲೂ ಇದೆ. ಆರೋಗ್ಯವಂತ ಮೂತ್ರಕೋಶಕ್ಕೆ 400 ಮಿ.ಲೀ. ತುಂಬಿಸಿದಾಗ ಒತ್ತಡ 10 ಸೆಂ.ಮೀ. ನೀರಿನಷ್ಟು ಏರಿತು ಅನ್ನಿ, ಅದರ ಹಿಗ್ಗುವ ಗುಣ 40. ಗಡುಸಾದ ಮೂತ್ರಕೋಶದಲ್ಲಿ 200 ಮಿ.ಲೀ.ಗೇ 20 ಏರಿದರೆ, ಅದು 10. ಔಷಧಿ ಕೆಲಸ ಮಾಡದಿದ್ದಾಗ, ಅಥವಾ ಸೋರುವಿಕೆಗೆ ಆಪರೇಷನ್ ಮಾಡುವ ಮೊದಲು, ಈ ಅಂಕಿ ಬೇಕಾಗಬಹುದು.

ಹಾಗಾದರೆ ಪರಿಹಾರ ಏನು?

ಅಜ್ಜನಿಗೆ ಹೇಳಿದ್ದು ನಾಲ್ಕು ವಿಷಯ. ಒಂದು, ನೀರು ಬಿಡಬೇಡಿ. ನೀರು ಕಡಿಮೆಯಾದರೆ ಮೂತ್ರ ದಪ್ಪವಾಗಿ ಗೋಡೆಯನ್ನು ಇನ್ನಷ್ಟು ಕೆರಳಿಸುತ್ತದೆ, ಸೋಂಕಿಗೂ ದಾರಿ. ಹೃದಯ, ಕಿಡ್ನಿ ತೊಂದರೆ ಇಲ್ಲದವರು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಹಗಲಲ್ಲೇ ಕುಡಿದು, ಮಲಗುವ ಎರಡು ಮೂರು ಗಂಟೆ ಮೊದಲು ಕಡಿಮೆ ಮಾಡಬಹುದು. ಎರಡು, ದಿನಕ್ಕೆ ಆರು ಲೋಟ ಚಹಾ ಎರಡಕ್ಕೆ ಇಳಿಯಲಿ. ಮೂರು, ಅವಸರ ಬಂದ ಕೂಡಲೇ ಓಡದೆ ಐದು ನಿಮಿಷ ತಡೆದು ಹೋಗುವ ಅಭ್ಯಾಸ, ವಾರ ವಾರ ಆ ಅಂತರ ಹೆಚ್ಚಿಸುವುದು. ನಾಲ್ಕು, ಒಂದು ಮಾತ್ರೆ. ಒಳಗೆ ಉಳಿಯುವುದು ಬರೀ 20 ಮಿ.ಲೀ. ಎಂದು ಗೊತ್ತಾದ ಮೇಲೆಯೇ ಅದನ್ನು ಬರೆದರು. ರಕ್ತಸ್ರಾವ ಮರುಕಳಿಸಿದರೆ ಸುಟ್ಟು ನಿಲ್ಲಿಸುವುದು, ಹೆಚ್ಚು ಒತ್ತಡದ ಆಮ್ಲಜನಕದ ಕೋಣೆಯಲ್ಲಿ ಚಿಕಿತ್ಸೆ, ಇಂಥ ದಾರಿಗಳೂ ಇವೆ.

ಆಪರೇಷನ್ ಆಗಿ ಸೋರುವವರಿಗೆ ಮೊದಲ ಮದ್ದು ವ್ಯಾಯಾಮ. ಆರ್ನಾಲ್ಡ್ ಕೆಗೆಲ್ ಎಂಬ ವೈದ್ಯರು 1948ರಲ್ಲಿ ಹೆರಿಗೆಯಾದ ಹೆಂಗಸರಿಗಾಗಿ ಹೇಳಿದ ಅಭ್ಯಾಸ ಇದು, ಗಂಡಸರಿಗೂ ಅನ್ವಯಿಸುತ್ತದೆ. ಹೂಸು ತಡೆಯುವಾಗ ಬಿಗಿ ಹಿಡಿಯುವ ಸ್ನಾಯುವನ್ನೇ ಐದು ಸೆಕೆಂಡ್ ಬಿಗಿಹಿಡಿದು, ಐದು ಸೆಕೆಂಡ್ ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಕೆಮ್ಮುವ ಮೊದಲು, ಏಳುವ ಮೊದಲು ಒಮ್ಮೆ ಬಿಗಿಹಿಡಿಯುವುದನ್ನು ರೂಢಿ ಮಾಡಿಕೊಳ್ಳಬೇಕು.

ಒಂದು ವರ್ಷದ ನಂತರವೂ ತುಂಬಾ ಸೋರುತ್ತಿದ್ದರೆ ಕೃತಕ ವಾಲ್ವ್ ಇದೆ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಡಾ. ಬ್ರ್ಯಾಂಟ್ಲಿ ಸ್ಕಾಟ್, ಡಾ. ವಿಲಿಯಂ ಬ್ರಾಡ್ಲಿ ಮತ್ತು ಇಂಜಿನಿಯರ್ ಜೆರಾಲ್ಡ್ ಟಿಮ್ ಸೇರಿ ರೂಪಿಸಿದ್ದು. ಮೂತ್ರನಾಳದ ಸುತ್ತ ದ್ರವ ತುಂಬಿದ ಪಟ್ಟಿ, ಹೊಟ್ಟೆಯೊಳಗೆ ಒತ್ತಡ ಕಾಯ್ದುಕೊಳ್ಳುವ ಬಲೂನು, ವೃಷಣದ ಚೀಲದಲ್ಲಿ ಸಣ್ಣ ಪಂಪ್. ಪಂಪ್ ಒತ್ತಿದರೆ ದ್ರವ ಪಟ್ಟಿಯಿಂದ ಬಲೂನಿಗೆ ಹೋಗಿ ನಾಳ ತೆರೆಯುತ್ತದೆ. ಎರಡು ಮೂರು ನಿಮಿಷದಲ್ಲಿ ದ್ರವ ತಾನಾಗಿಯೇ ಮರಳಿ ನಾಳ ಮುಚ್ಚುತ್ತದೆ. ಹೆಚ್ಚಾಗಿ ಬಳಸುವ ಬಲೂನಿನ ಒತ್ತಡ 61ರಿಂದ 70 ಸೆಂ.ಮೀ. ನೀರು: ಸೋರದಷ್ಟು ಬಿಗಿ, ರಕ್ತಸಂಚಾರ ನಿಲ್ಲದಷ್ಟು ಸಡಿಲ. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಶುದ್ಧ ಹೈಡ್ರಾಲಿಕ್ಸ್. ಪ್ರಾಜೆಕ್ಟ್ ಐಡಿಯಾ ಹುಡುಕುವ ಗೆಳೆಯರು ಇದರ ಸರ್ಕ್ಯೂಟ್ ಒಮ್ಮೆ ಬಿಡಿಸಿ ನೋಡಿ.

ಕಾಯಬಾರದ ಹೊತ್ತು

ಕೆಲವು ವಿಷಯಕ್ಕೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬಾರದು. ಮೂತ್ರದಲ್ಲಿ ರಕ್ತ ಕಂಡರೆ, ಒಂದೇ ಸಲ ಆದರೂ, ನೋವಿಲ್ಲದಿದ್ದರೂ ತೋರಿಸಬೇಕು. ಬೀಟ್‌ರೂಟ್ ತಿಂದರೆ ಮೂತ್ರ ಕೆಂಪಾಗುವುದು ಉಂಟು, ಆದರೆ ಅದನ್ನು ತೀರ್ಮಾನಿಸುವುದು ಮೂತ್ರಪರೀಕ್ಷೆ, ನಾವಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೂ ಇದೇ ನಿಯಮ. ಹೆಪ್ಪುಗಟ್ಟಿದ ರಕ್ತ ಬಂದು ಮೂತ್ರ ನಿಂತರೆ, ಕೆಳಹೊಟ್ಟೆ ಉಬ್ಬಿ ಒಂದು ಹನಿಯೂ ಹೋಗದಿದ್ದರೆ, ಚಳಿಜ್ವರದ ಜೊತೆ ಉರಿ ಇದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ. ಕಾಲು ಬಲ ಕಳೆದುಕೊಂಡು ಮೂತ್ರ-ಮಲದ ಹಿಡಿತ ಒಮ್ಮೆಲೇ ತಪ್ಪಿದರೆ ಅದು ಬೆನ್ನುಹುರಿಯ ಮೇಲಿನ ಒತ್ತಡ ಇರಬಹುದು. ಅದಂತೂ ತುರ್ತು.

ನಾವುಂದದಿಂದ ಕುಂದಾಪುರ ಸುಮಾರು 20 ಕಿ.ಮೀ., ಮಣಿಪಾಲ ಸುಮಾರು 60. ಮೂತ್ರಪರೀಕ್ಷೆ, ಸ್ಕ್ಯಾನಿಂಗ್ ಹತ್ತಿರದಲ್ಲೇ ಆಗುತ್ತವೆ. ಸಿಸ್ಟೋಸ್ಕೋಪಿಯಂಥದ್ದಕ್ಕೆ ಮೂತ್ರರೋಗ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಗೆ ಅವಕಾಶ ಇದೆ. ಯಾವುದು ಅದರಲ್ಲಿ ಬರುತ್ತದೆ, ರೆಫರಲ್ ಎಲ್ಲಿಂದ ಬೇಕು ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ. ಹೋಗುವಾಗ ಹಳೆಯ ಡಿಸ್ಚಾರ್ಜ್ ಸಮರಿ, ರೇಡಿಯೇಷನ್ ಎಷ್ಟು ಕೊಟ್ಟರು ಎಂಬ ಕಾಗದ, ಪಿಎಸ್‌ಎ ರಿಪೋರ್ಟುಗಳು, ಮೂರು ದಿನದ ಡೈರಿ ಒಂದೇ ಫೈಲಿನಲ್ಲಿ ಇರಲಿ.

ಕೇಳುವ ಕೆಲಸ ನಮ್ಮದು

ಅಜ್ಜ ಒಂದು ವರ್ಷ ಸುಮ್ಮನಿದ್ದದ್ದಕ್ಕೆ ನಾಚಿಕೆ ಒಂದು ಕಾರಣ. ಮಗನಿಗೆ ಮತ್ತೆ ಖರ್ಚು ಮಾಡಿಸುವುದು ಬೇಡ ಎಂಬುದು ಇನ್ನೊಂದು. ರಕ್ತ ಅಂದರೆ ಕ್ಯಾನ್ಸರ್ ವಾಪಸ್ ಬಂತು ಎಂದೇ ಅವರು ನಂಬಿದ್ದರು, ಅದನ್ನು ಯಾರ ಬಾಯಲ್ಲೂ ಕೇಳುವ ಧೈರ್ಯ ಇರಲಿಲ್ಲ. ನಮಗೆ ಆ ಮೂರನೇ ಕಾರಣ ಗೊತ್ತಾದದ್ದು ಮಣಿಪಾಲದಿಂದ ವಾಪಸ್ ಬರುವ ಬಸ್ಸಿನಲ್ಲಿ, ಅಜ್ಜ ತಾವಾಗಿಯೇ ಹೇಳಿದಾಗ.

ನಾವೂ ಒಂದು ತಪ್ಪು ಮಾಡಿದ್ದೆವು. ಪ್ರತಿ ಸಲ ಫೋನಿನಲ್ಲಿ "ಅಜ್ಜ, ಹೇಗಿದ್ದೀರಿ?" ಅಂತ ಕೇಳ್ತಿದ್ದೆವು, "ಅಡ್ಡಿಲ್ಲ ಮಗಾ" ಅನ್ನುತ್ತಿದ್ದರು, ಅಲ್ಲಿಗೆ ಮುಗಿಯಿತು. ಈಗ ಕೇಳುವ ರೀತಿ ಬದಲಾಗಿದೆ. ರಾತ್ರಿ ಎಷ್ಟು ಸಲ ಏಳ್ತೀರಿ? ಧಾರೆ ಹೇಗಿದೆ, ಸೋರ್ತದಾ? ಬಣ್ಣ ಹೇಗಿದೆ? ಮೂರು ಪ್ರಶ್ನೆ. ಅಂಕಿಯಲ್ಲಿ ಉತ್ತರ ಕೊಡಬೇಕಾದ ಪ್ರಶ್ನೆಗೆ ನಾಚಿಕೆ ಸ್ವಲ್ಪ ಕಡಿಮೆ ಇರುತ್ತದೆ ಎಂಬುದು ನಮ್ಮ ಅನುಭವ. ಅಪ್ಪನನ್ನು ಕೇಳಲು ಸಂಕೋಚ ಇದ್ದರೆ ಚಿಕ್ಕಪ್ಪನ ಮೂಲಕ ಕೇಳಿಸಿ, ಅಜ್ಜಿಯನ್ನು ಕೇಳಿ. ಪಂಚೆ ಒಗೆಯುವವರಿಗೆ ಎಷ್ಟೋ ವಿಷಯ ಗೊತ್ತಿರುತ್ತದೆ.

ಮೂರು ತಿಂಗಳ ನಂತರದ ಡೈರಿ ಮೊನ್ನೆ ವಾಟ್ಸಾಪಿನಲ್ಲಿ ಬಂತು. 24 ಗಂಟೆಯಲ್ಲಿ 10 ಸಲ, ರಾತ್ರಿ ಎರಡು. ಅತಿ ಹೆಚ್ಚು ಹೋದದ್ದು 210 ಮಿ.ಲೀ. ರಕ್ತ ಆಮೇಲೆ ಒಂದು ಸಲ ಕಾಣಿಸಿತ್ತು, ಆ ದಿನವೇ ಫೋನ್ ಮಾಡಿ ಹೇಳಿದರು, ತೋರಿಸಿಯೂ ಆಯಿತು. ಗಡುಸಾದ ಗೋಡೆ ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ, ಅಜ್ಜನಿಗೂ ಅದು ಗೊತ್ತಿದೆ. ಹಿಂಬಾಗಿಲಿನ ಮೆಟ್ಟಿಲಿಗೆ ಕೈಹಿಡಿಯಲು ಒಂದು ಪೈಪ್, ಒಂದು ಸಣ್ಣ ಬಲ್ಬು ಹಾಕಿಸಿದ್ದಾರೆ.

ಡೈರಿಯ ಕೆಳಗೆ ಅಜ್ಜನ ಕೈಬರಹದಲ್ಲಿ ಒಂದು ಸಾಲು ಇತ್ತು: "ಆಟಕ್ ಹೋಪುಕ್ ಅಡ್ಡಿಲ್ಲ ಈಗ. ಕರಿಲ್ ಕೂಕಂಬ್ದ್." ಕರಿಲ್ ಅಂದರೆ ಬದಿಯಲ್ಲಿ. ಸಭೆಯ ಮಧ್ಯದಿಂದ ಎದ್ದು ಹೋಗುವುದು ಕಷ್ಟ ನೋಡಿ, ಅದಕ್ಕೆ.